ಊರಿಗೆಲ್ಲಿಯ ಸೀಸನ್?

ಎಲ್ಲರಿಗೂ ನಮಸ್ಕಾರ. ಕಾರ್ಯದರ್ಶಿಗಳು 20 ನಿಮಿಷ ಅಂದಿದ್ದಾರೆ. ನಾನು ಐದು ಅಂಶ ಬರೆದುಕೊಂಡು ಬಂದಿದ್ದೇನೆ. ಎಷ್ಟು ಆಗುತ್ತೋ ನೋಡೋಣ.

ದಸರಾ ರಜೆಗೆ ಎಲ್ಲಾದರೂ ರೂಮ್ ಬುಕ್ ಮಾಡಿರುವವರು ಸ್ವಲ್ಪ ಕೈ ಎತ್ತಿ. ಅಬ್ಬಾ, ಅರ್ಧ ಹಾಲ್! ಈಗ ನಿಮ್ಮಲ್ಲಿ ಇನ್ನೂ ಸ್ಕೂಲಿಗೆ ಹೋಗುತ್ತಿರುವವರು ಕೈ ಎತ್ತಿ.

ನೋಡಿದಿರಾ. ಇಲ್ಲಿ ಜಾಸ್ತಿ ಜನ ರಿಟೈರ್ ಆದವರು. ಮಕ್ಕಳ ಎಸ್ಸೆಸ್ಸೆಲ್ಸಿ ಮುಗಿದು ಎಷ್ಟೋ ವರ್ಷ ಆಯಿತು. ಆದರೂ ದಸರಾ, ಕ್ರಿಸ್‌ಮಸ್, ಬೇಸಿಗೆ ರಜೆ ಬಂದಾಗಲೇ ನಮ್ಮ ಸೂಟ್‌ಕೇಸ್ ಅಟ್ಟದಿಂದ ಇಳಿಯುವುದು. ಸೀಸನ್ ಇರುವುದು ಊರಿಗಲ್ಲ, ಸ್ಕೂಲಿನ ಗಂಟೆಗೆ. ಆ ಗಂಟೆ ನಮ್ಮ ಕಿವಿಯಿಂದ ಇನ್ನೂ ಹೋಗಿಲ್ಲ.

ನಾನೂ ಹಾಗೇ ಇದ್ದೆ. ಒಂದು ಡಿಸೆಂಬರ್ ಕೊನೆಗೆ ನಾನು, ನಮ್ಮ ಮನೆಯವರು ಹಂಪಿ ಎಕ್ಸ್‌ಪ್ರೆಸ್ ಹತ್ತಿದೆವು. ವಿಠಲ ದೇವಸ್ಥಾನದಲ್ಲಿ ಹಳದಿ ಟೋಪಿಯ ಮಕ್ಕಳು, ಕೆಂಪು ಟೋಪಿಯ ಮಕ್ಕಳು, ಅವರ ಹಿಂದೆ ಸೀಟಿ ಊದುವ ಮೇಷ್ಟ್ರು. ಕಲ್ಲಿನ ರಥದ ಸುತ್ತ ಸೆಲ್ಫಿಯ ಜಾತ್ರೆ. ಕೊನೆಗೆ ನಮ್ಮವಳು ಪರ್ಸ್‌ನಿಂದ 50 ರೂಪಾಯಿಯ ಹೊಸ ನೋಟು ತೆಗೆದು, ‘ರೀ, ರಥ ಇದರಲ್ಲೇ ಚೆನ್ನಾಗಿ ಕಾಣುತ್ತೆ’ ಅಂದಳು. ನಿಜವಾಗಿಯೂ ಆ ದಿನ ನಾವು ರಥ ನೋಡಿದ್ದು ನೋಟಿನಲ್ಲೇ.

ಎರಡನೇ ಸಲ ಹೋದದ್ದು ಮೇ ತಿಂಗಳಲ್ಲಿ. ನಮ್ಮ ಜಾಣತನವೇನಲ್ಲ, ಹೊಸಪೇಟೆಯಲ್ಲಿ ನೆಂಟರ ಮದುವೆ ಇತ್ತು. ಬಿಸಿಲು 40 ಡಿಗ್ರಿ. ಬಂಡೆ ಮುಟ್ಟಿದರೆ ಕಾದ ಕಾವಲಿ. ಮಧ್ಯಾಹ್ನ ಹನ್ನೊಂದರಿಂದ ನಾಲ್ಕರವರೆಗೆ ಸುಮ್ನೆ ಫ್ಯಾನ್ ಕೆಳಗೆ ಬಿದ್ದುಕೊಂಡಿದ್ದೆವು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಸ್ಕೂಲಿಗೆ ರಜೆಯಿದ್ದರೂ ಆ ಬಿಸಿಲಿಗೆ ಹೆದರಿ ಯಾರೂ ಬಂದಿರಲಿಲ್ಲ, ಬೆಳಿಗ್ಗೆ ವಿರೂಪಾಕ್ಷನ ಗುಡಿಯಲ್ಲಿ ಜನವೇ ಇಲ್ಲ. ಹಿಂಭಾಗದ ಕತ್ತಲೆ ಕೋಣೆಯಲ್ಲಿ, ಸಣ್ಣ ಕಿಂಡಿಯಿಂದ ಬರುವ ಬೆಳಕಿನಲ್ಲಿ, ಗೋಪುರದ ನೆರಳು ತಲೆಕೆಳಗಾಗಿ ಕಾಣುತ್ತದಲ್ಲ, ನಿಮಗೆಲ್ಲ ಗೊತ್ತು. ಡಿಸೆಂಬರ್‌ನಲ್ಲಿ ಹತ್ತಾರು ಮೊಬೈಲ್ ಟಾರ್ಚ್ ಉರಿಯುತ್ತಿದ್ದವು. ಟಾರ್ಚ್ ಹಾಕಿ ನೆರಳು ಹುಡುಕುವ ಜನ ನಾವು! ನಮಗೂ ಏನೂ ಕಂಡಿರಲಿಲ್ಲ.

ಮೇ ತಿಂಗಳಲ್ಲಿ ಅಲ್ಲಿ ಒಬ್ಬ ಗೈಡ್ ಕೆಲಸವಿಲ್ಲದೆ ಕೂತಿದ್ದರು. ‘ಬನ್ನಿ ಸರ್’ ಎಂದು ಕರೆದು, ಹೆಗಲ ಮೇಲಿನ ಬಿಳಿ ಟವೆಲ್ ಬಿಡಿಸಿ ಕಿಂಡಿಗೆ ಎದುರಾಗಿ ಹಿಡಿದರು. ಸುಮಾರು 50 ಮೀಟರ್ ಎತ್ತರದ ಗೋಪುರ ಆ ಟವೆಲ್ ಮೇಲೆ ತಲೆಕೆಳಗಾಗಿ ನಿಂತಿತು. ಟವೆಲನ್ನು ಕಿಂಡಿಯ ಹತ್ತಿರ ತಂದರೆ ಗೋಪುರ ಚಿಕ್ಕದು, ದೂರ ಒಯ್ದರೆ ದೊಡ್ಡದು. ನಮ್ಮವಳು ತಾನೇ ಟವೆಲ್ ಇಸಿದುಕೊಂಡು ಹಿಂದೆ ಮುಂದೆ ನಡೆದಳು. ಹೊರಗಿನ ಬಿಸಿಲು ಜೋರಾದಷ್ಟೂ ಒಳಗಿನ ಚಿತ್ರ ಎದ್ದು ಕಾಣುತ್ತದಂತೆ. ನಾವು ಬೆಳಗಿನಿಂದ ಬೈದುಕೊಂಡ ಬಿಸಿಲೇ ಅಲ್ಲಿ ಕೆಲಸ ಮಾಡುತ್ತಿತ್ತು. ಅರ್ಧ ಗಂಟೆ ಅಲ್ಲೇ ಇದ್ದೆವು. ಹಿಂದಿನಿಂದ ‘ಸ್ವಲ್ಪ ಸರೀರಿ’ ಅಂತ ಯಾರೂ ಅನ್ನಲಿಲ್ಲ.

ಅಂದಿನಿಂದ ನನಗೆ ಇದೇ ಹುಚ್ಚು. ಮನೆಯಲ್ಲಿ ಕೇಳಿ, ಹೇಳುತ್ತಾರೆ.

ಇನ್ನು ಮಳೆಗಾಲ. ತುಂಗಭದ್ರೆಯ ಗೇಟು ತೆಗೆದರೆ ಹಂಪಿಯಲ್ಲಿ ಪುರಂದರದಾಸರ ಮಂಟಪ ಮುಳುಗುತ್ತದೆ, ಹರಿಗೋಲು ನಿಲ್ಲುತ್ತದೆ. ಹರಿಗೋಲಿನ ಆಸೆ ಇದ್ದವರು ಆಗ ಹೋಗಬೇಡಿ. ನಾನು ಇನ್ನೊಂದು ಎಡವಟ್ಟು ಮಾಡಿದ್ದೇನೆ. ಜುಲೈನಲ್ಲಿ ಗೋಕರ್ಣಕ್ಕೆ ಹೋದೆ, ಮೀನೂಟದ ಆಸೆಯಿಂದ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಮೀನು ಮರಿ ಮಾಡುವ ಕಾಲ. ಹೋಟೆಲಿನವರು ಒಣಮೀನಿನ ಚಟ್ನಿ ತಂದಿಟ್ಟರು. ಚೆನ್ನಾಗಿತ್ತು, ಆದರೆ ನಾನು ಹೋದದ್ದು ಬಂಗುಡೆಗೆ. ಸಮುದ್ರಕ್ಕೆ ಇಳಿಯುವ ಮಾತಂತೂ ಬೇಡ, ಆ ಅಲೆ ದಡದಲ್ಲಿ ನಿಂತು ನೋಡುವಂಥದ್ದು.

ಹಾಗಾದರೆ ಊರಿಗೂ ಸೀಸನ್ ಇದೆಯಲ್ವಾ ಅಂತ ನೀವು ಕೇಳಬಹುದು. ಇದೆ. ಮೀನಿಗೆ ಇದೆ, ನದಿಗೆ ಇದೆ. ಅದನ್ನು ಕೇಳಿಕೊಂಡು ಹೋಗಿ. ನಾನು ಬೇಡ ಅನ್ನುವುದು ಸ್ಕೂಲಿನ ಗಂಟೆಯನ್ನು. ನಂದಿಬೆಟ್ಟವನ್ನೇ ನೋಡಿ. ಭಾನುವಾರ ಬೆಳಗಿನ ಜಾವ ಗೇಟಿನ ಮುಂದೆ ಬೈಕಿನ ಸಾಲು, ಹೊಗೆ, ಹಾರ್ನ್. ಅದೇ ಬೆಟ್ಟ ಮಂಗಳವಾರವೂ ಅಲ್ಲೇ ಇರುತ್ತದೆ, ಸ್ವಾಮಿ. ನಮಗೆ ಮಂಗಳವಾರ ಏನು ಆಫೀಸಾ?

ಚೀಟಿ ಬಂತು. ‘ಎರಡು ನಿಮಿಷ’ ಅಂತೆ. ಇನ್ನೂ ಮೂರು ಅಂಶ ಇವೆ! ಲಾಡ್ಜ್ ಬಾಡಿಗೆಯ ಚೌಕಾಸಿ ನಿಮಗೆ ನಾನು ಕಲಿಸಬೇಕಾಗಿಲ್ಲ, ಬಿಡಿ. ಜೋಗ: ಏಪ್ರಿಲ್‌ನಲ್ಲಿ ಹೋದರೆ ಬಂಡೆ ನೋಡಿ ಬರುತ್ತೀರಿ, ಮಳೆಗಾಲದ ಯಾವುದಾದರೂ ಬುಧವಾರ ಹೋಗಿ. ಕೊಡಗು: 2018ರ ಆಗಸ್ಟ್‌ನ ಭೂಕುಸಿತ ನೆನಪಿದೆಯಲ್ಲ, ಜೋರು ಮಳೆಯಲ್ಲಿ ಘಾಟಿ ಹತ್ತಬೇಡಿ, ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟರೆ ಬುಕಿಂಗ್ ದುಡ್ಡು ಹೋದರೂ ಮನೆಯಲ್ಲೇ ಇರಿ. ಆಗುಂಬೆಯ ಇಂಬಳದ ವಿಚಾರ ದೊಡ್ಡದು. ಕಾಫಿ ಕುಡಿಯುವಾಗ ಕೇಳಿ, ಕಾಲು ತೋರಿಸಿಯೇ ಹೇಳುತ್ತೇನೆ.