ಎಷ್ಟು ಹೆಚ್ಚು, ಎಷ್ಟು ಕಮ್ಮಿ?

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲುಗಳಲ್ಲಿ ನಮ್ಮ ಬಿಎಸ್ಸಿ ಮಕ್ಕಳು ಕೂತಿದ್ದಾರೆ. ಹಿಂದೆ ಸುತ್ತಲಿನ ಊರುಗಳ ರೈತರು ಕೂತಿದ್ದೀರಿ. ನಿಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

ರೈತರನ್ನು "ಈ ಸಲ ರಾಗಿ ಎಷ್ಟಾಯ್ತು?" ಅಂತ ಕೇಳಿದರೆ, "ಎಕರೆಗೆ ಹೆಚ್ಚುಕಮ್ಮಿ ಆರು ಕ್ವಿಂಟಾಲ್" ಅನ್ನುತ್ತಾರೆ. ಈ "ಹೆಚ್ಚುಕಮ್ಮಿ" ಎಂಥ ಒಳ್ಳೆಯ ಮಾತು ನೋಡಿ. ಹೇಳಿದ ಸಂಖ್ಯೆ ಆಚೀಚೆ ಆಗಬಹುದು ಅನ್ನೋದು ಅದರಲ್ಲೇ ಇದೆ. ನಾನು ಕಲಿಸುವ ಸಂಖ್ಯಾಶಾಸ್ತ್ರ ಇದಕ್ಕೆ ಒಂದೇ ಒಂದು ಪ್ರಶ್ನೆ ಸೇರಿಸುತ್ತದೆ. ಎಷ್ಟು ಹೆಚ್ಚು? ಎಷ್ಟು ಕಮ್ಮಿ? ಪುಸ್ತಕದಲ್ಲಿ ಇದನ್ನೇ ದೋಷದ ಮಿತಿ ಅಂತ ಬರೆದಿರುತ್ತಾರೆ. ಆ ಹೆಸರು ನನಗೆ ಅಷ್ಟು ಇಷ್ಟವಿಲ್ಲ. ದೋಷ ಅಂದ ತಕ್ಷಣ ಯಾರೋ ತಪ್ಪು ಮಾಡಿದ್ದಾರೆ ಅನ್ನಿಸುತ್ತದೆ. ಇಲ್ಲಿ ಯಾರ ತಪ್ಪೂ ಇಲ್ಲ. ಎಲ್ಲವನ್ನೂ ಅಳೆಯದೆ ಸ್ವಲ್ಪವನ್ನೇ ಅಳೆದಾಗ ಉಳಿಯುವ ಅನುಮಾನ ಅದು.

ನೇರ ಹೊಲಕ್ಕೇ ಹೋಗೋಣ. ಬೆಳೆ ಕಟಾವು ಪ್ರಯೋಗ ಅಂತ ನೀವೆಲ್ಲ ಕೇಳಿದ್ದೀರಿ. ನಿಮ್ಮಲ್ಲಿ ಕೆಲವರ ಹೊಲದಲ್ಲೇ ನಡೆದಿರಬಹುದು. ಒಂದು ಪಂಚಾಯಿತಿಯಲ್ಲಿ ಸಾವಿರಾರು ಹಿಡುವಳಿ ಇರುತ್ತವೆ. ಎಲ್ಲರ ಕಣಕ್ಕೂ ಹೋಗಿ ತೂಗೋಕೆ ಆಗಲ್ಲ. ಅದಕ್ಕೇ ಚೀಟಿ ಎತ್ತಿದ ಹಾಗೆ ಕೆಲವು ಸರ್ವೆ ನಂಬರ್ ಆರಿಸುತ್ತಾರೆ. ಹೊಲದ ನೈಋತ್ಯ ಮೂಲೆಯಲ್ಲಿ ನಿಲ್ಲುತ್ತಾರೆ. ಉದ್ದಕ್ಕೆ ಎಷ್ಟು ಹೆಜ್ಜೆ, ಅಗಲಕ್ಕೆ ಎಷ್ಟು ಹೆಜ್ಜೆ ಅನ್ನೋದನ್ನೂ ಮೊದಲೇ ಗೊತ್ತು ಮಾಡಿದ ಸಂಖ್ಯೆಯೇ ಹೇಳುತ್ತದೆ. ಹೆಜ್ಜೆ ನಿಂತ ಜಾಗದಲ್ಲಿ ಗೂಟ ಹೊಡೆದು, ಹಗ್ಗ ಎಳೆದು, 5 ಮೀಟರ್ ಉದ್ದ 5 ಮೀಟರ್ ಅಗಲದ ಚೌಕ ಮಾಡುತ್ತಾರೆ. ಮೂಲೆಯಿಂದ ಮೂಲೆಗೆ ಅಳೆದರೆ 7 ಮೀಟರ್ 7 ಸೆಂಟಿಮೀಟರ್ ಬರಬೇಕು. ಎರಡೂ ಕಡೆ ಅಷ್ಟೇ ಬಂದರೆ ಚೌಕ ಸರಿ ಇದೆ ಅಂತ. ಒಳಗಿನ ಪೈರು ಕೊಯ್ದು, ಬಡಿದು, ತೂರಿ, ತೂಗುತ್ತಾರೆ.

ಕೆಲವು ವರ್ಷದ ಹಿಂದೆ ನಾಲ್ಕು ವಿದ್ಯಾರ್ಥಿಗಳ ಜೊತೆ ಇಂಥದ್ದೊಂದು ಕಟಾವು ನೋಡೋಕೆ ಹೋಗಿದ್ದೆ. ರಾಗಿ ಹೊಲ. ತೆನೆ ಕಂದು ಬಣ್ಣಕ್ಕೆ ತಿರುಗಿ ಬಾಗಿ ನಿಂತಿತ್ತು. ಹೆಜ್ಜೆ ಎಣಿಸುತ್ತಾ ಹೋದರೆ ಗೂಟ ಬಿದ್ದದ್ದು ಬದುವಿನ ಹೊಂಗೆ ಮರದ ನೆರಳಲ್ಲಿ. ಅಲ್ಲಿ ಪೈರು ಮೊಣಕಾಲೆತ್ತರವೂ ಇರಲಿಲ್ಲ. ಹೊಲದ ಯಜಮಾನರಿಗೆ ಕಸಿವಿಸಿ. "ಸಾರ್, ಇದು ನಮ್ಮ ಹೊಲದ ಲೆಕ್ಕವೇ ಅಲ್ಲ. ಹತ್ತು ಹೆಜ್ಜೆ ಆ ಕಡೆ ಹಾಕಿ, ಚೆನ್ನಾಗಿದೆ" ಅಂದರು. ಕಟಾವಿಗೆ ಬಂದಿದ್ದ ಹುಡುಗ ಮೆತ್ತಗೆ ಹೇಳಿದ: "ಯಜಮಾನ್ರೇ, ಮರದ ನೆರಳೂ ನಿಮ್ಮ ಹೊಲದ್ದೇ ಅಲ್ವಾ?"

ಗೂಟ ಅಲ್ಲೇ ಉಳಿಯಿತು. ಆ ಹುಡುಗನ ಮಾತನ್ನು ನಾನು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಹೇಳುತ್ತೇನೆ. ನಾವು ಕೈಯಾರೆ ಆರಿಸಿದರೆ ನೆರಳಿನ ಜಾಗಕ್ಕೆ ಯಾವತ್ತೂ ಹೋಗಲ್ಲ. "ಸಾಧಾರಣವಾಗಿ ಕಾಣುವ" ಜಾಗ ಹುಡುಕುತ್ತೇವೆ. ನಮ್ಮ ಕಣ್ಣಿಗೆ ಸಾಧಾರಣವಾಗಿ ಕಾಣೋದು ನಿಜವಾದ ಸರಾಸರಿಗಿಂತ ಎಷ್ಟು ಮೇಲಿದೆ, ಎಷ್ಟು ಕೆಳಗಿದೆ ಅಂತ ಹೇಳೋಕೆ ಯಾವ ಸೂತ್ರವೂ ಇಲ್ಲ. ಚೀಟಿಗೆ ಮಾತ್ರ ನೆರಳೂ ಒಂದೇ, ಬಿಸಿಲೂ ಒಂದೇ. ಅದಕ್ಕೆ ಪಕ್ಷಪಾತ ಇಲ್ಲದೆ ಇರೋದರಿಂದಲೇ ಅದು ಎಷ್ಟು ಆಚೀಚೆ ಹೋಗಬಹುದು ಅಂತ ಲೆಕ್ಕ ಹಾಕೋಕೆ ಸಾಧ್ಯ.

ಈಗ ಆ ಲೆಕ್ಕ ಮಾಡೋಣ. ಈ ಸಂಖ್ಯೆಗಳು ಲೆಕ್ಕಕ್ಕೆ ಅನುಕೂಲ ಆಗಲಿ ಅಂತ ನಾನೇ ಇಟ್ಟುಕೊಂಡವು. ಒಂದು ಪಂಚಾಯಿತಿಯಲ್ಲಿ ನಾಲ್ಕು ಕಟಾವು ಆಯಿತು ಅನ್ನಿ. ತೂಕ 3.1, 4.6, 2.4 ಮತ್ತು 3.9 ಕೆಜಿ. ಕೂಡಿದರೆ 14, ಸರಾಸರಿ 3.5 ಕೆಜಿ. ಎಕರೆ ಅಂದರೆ ಇಂಥ ಸುಮಾರು 162 ಚೌಕ. ಹಾಗಾಗಿ ಎಕರೆಗೆ 567 ಕೆಜಿ, ಅಂದರೆ 5.7 ಕ್ವಿಂಟಾಲ್. ವರದಿಯಲ್ಲಿ ಇದೊಂದೇ ಸಂಖ್ಯೆ ಬರೆದರೆ ಎಷ್ಟು ಗಟ್ಟಿಯಾಗಿ ಕಾಣುತ್ತದೆ ಅಲ್ವಾ?

ಆದರೆ ನಾಲ್ಕು ತೂಕಗಳನ್ನು ಮತ್ತೆ ನೋಡಿ. ಒಂದು 2.4, ಇನ್ನೊಂದು 4.6. ಒಂದು ಇನ್ನೊಂದರ ಹತ್ತಿರ ಹತ್ತಿರ ಎರಡರಷ್ಟಿದೆ. ಚೀಟಿಯಲ್ಲಿ ಬೇರೆ ನಾಲ್ಕು ಹೊಲ ಬಂದಿದ್ದರೆ ಸರಾಸರಿಯೂ ಬೇರೆ ಆಗುತ್ತಿತ್ತು. ಈ ನಾಲ್ಕು ತಮ್ಮ ತಮ್ಮಲ್ಲೇ ಎಷ್ಟು ಚದುರಿವೆ ಅನ್ನೋದೇ ನಮಗಿರುವ ಸುಳಿವು. ಚದುರುವಿಕೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಸುಮಾರು 0.96 ಕೆಜಿ. ಇದನ್ನು 4ರ ವರ್ಗಮೂಲ 2ರಿಂದ ಭಾಗಿಸಿದರೆ 0.48. ಅಳತೆ ಕಮ್ಮಿ ಇದ್ದಾಗ ಎಷ್ಟು ಪಟ್ಟು ಆಚೀಚೆ ಬಿಡಬೇಕು ಅಂತ ಹೇಳುವ ಪಟ್ಟಿಗೆ ಟಿ ಕೋಷ್ಟಕ ಅನ್ನುತ್ತಾರೆ. ನಾಲ್ಕೇ ಅಳತೆ ಇರೋದರಿಂದ ಅದರಲ್ಲಿರುವ 3.18ರಿಂದ ಗುಣಿಸಬೇಕು. ಬರೋದು 1.5 ಕೆಜಿ. ಎಕರೆಗೆ ಹೇಳಿದರೆ ಸುಮಾರು ಎರಡೂವರೆ ಕ್ವಿಂಟಾಲ್.

ಅಂದರೆ ನಾವು ಪ್ರಾಮಾಣಿಕವಾಗಿ ಹೇಳಬಹುದಾದದ್ದು ಇಷ್ಟೇ: ಈ ಪಂಚಾಯಿತಿಯ ಇಳುವರಿ ಎಕರೆಗೆ 5.7 ಕ್ವಿಂಟಾಲ್, ಎರಡೂವರೆ ಹೆಚ್ಚು ಅಥವಾ ಎರಡೂವರೆ ಕಮ್ಮಿ. 3.2ರಿಂದ 8.2ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಇದೇ ರೀತಿ ಚೀಟಿ ಎತ್ತಿ, ಇದೇ ಲೆಕ್ಕ ನೂರು ಸಲ ಮಾಡಿದರೆ, ಹೆಚ್ಚುಕಮ್ಮಿ 95 ಸಲ ನಮ್ಮ ಗೆರೆಗಳ ಮಧ್ಯೆ ನಿಜವಾದ ಇಳುವರಿ ಸಿಕ್ಕಿರುತ್ತದೆ. ಉಳಿದ ಐದು ಸಲ ತಪ್ಪಿಹೋಗಿರುತ್ತದೆ. ಇವತ್ತಿನದು ಆ 95ರಲ್ಲಿ ಒಂದೋ, ಐದರಲ್ಲಿ ಒಂದೋ ಯಾರಿಗೂ ಗೊತ್ತಾಗಲ್ಲ.

ಹಿಂದಿನ ಸಾಲಿನವರು ಸ್ವಲ್ಪ ಮುಂದೆ ಬಾಗಿದ್ದು ಕಾಣಿಸಿತು. ಯಾಕೆ ಅಂತ ನನಗೆ ಗೊತ್ತು. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಅಂದರೆ ಬೆಳೆ ವಿಮೆಯಲ್ಲಿ, ಮುಖ್ಯ ಬೆಳೆಗೆ ಪಂಚಾಯಿತಿಗೆ ಕನಿಷ್ಠ 4 ಕಟಾವು. ಹಿಂದಿನ 7 ವರ್ಷಗಳಲ್ಲಿ ಚೆನ್ನಾಗಿ ಬಂದ 5 ವರ್ಷದ ಸರಾಸರಿ ಇಟ್ಟುಕೊಂಡು, ಇಷ್ಟಾದರೂ ಬರಬೇಕಿತ್ತು ಅಂತ ಒಂದು ಇಳುವರಿ ಗೊತ್ತು ಮಾಡುತ್ತಾರೆ. ಅದು 6 ಕ್ವಿಂಟಾಲ್ ಅನ್ನಿ. ಕಟಾವಿನಲ್ಲಿ 5.7 ಬಂತು. ಕೊರತೆ ನೂರಕ್ಕೆ 5. ಪರಿಹಾರವೂ ವಿಮೆ ಮೊತ್ತದ ನೂರಕ್ಕೆ 5. ನಿಜವಾದ ಇಳುವರಿ 4 ಆಗಿದ್ದರೆ? ಆಗ ನೂರಕ್ಕೆ 33 ಸಿಗಬೇಕಿತ್ತು. 7 ಆಗಿದ್ದರೆ ಏನೂ ಇಲ್ಲ. ಮೂರೂ ನಮ್ಮ ಗೆರೆಗಳ ಒಳಗೇ ಇವೆ. ಒಂದು ಇಡೀ ಪಂಚಾಯಿತಿಯ ಜನರ ವರ್ಷದ ದುಡ್ಡು ಈ ಅನುಮಾನದ ಮೇಲೆ ನಿಂತಿದೆ. ಇದು ನನ್ನನ್ನು ಬಹಳ ಕಾಡುವ ವಿಷಯ.

ಹಾಗಂತ ಈ ಪದ್ಧತಿಯೇ ಕೆಟ್ಟದ್ದು ಅನ್ನಬೇಡಿ. ಇದೇ ಕಟಾವುಗಳನ್ನು ಇಡೀ ರಾಜ್ಯಕ್ಕೆ ಒಟ್ಟು ಸೇರಿಸಿದರೆ ಲೆಕ್ಕ ತುಂಬಾ ಗಟ್ಟಿಯಾಗುತ್ತದೆ, ಯಾಕೆಂದರೆ ಆಗ ಅಳತೆ ಸಾವಿರಗಟ್ಟಲೆ ಇರುತ್ತವೆ. ಅನುಮಾನ ಕುಗ್ಗೋದು ಅಳತೆಗಳ ಸಂಖ್ಯೆಯಿಂದ. ಪಂಚಾಯಿತಿಯಲ್ಲಿ 500 ಹೊಲ ಇರಲಿ, 5,000 ಇರಲಿ, ನಾಲ್ಕು ಕಟಾವು ಕೊಡುವ ಭರವಸೆ ಹತ್ತಿರ ಹತ್ತಿರ ಅಷ್ಟೇ. ಇದನ್ನು ನಂಬೋದು ಮಕ್ಕಳಿಗೂ ಕಷ್ಟ. ಚುನಾವಣೆ ಸಮೀಕ್ಷೆ ಬಂದಾಗ "ಆರು ಕೋಟಿ ಜನರಿರುವ ರಾಜ್ಯದಲ್ಲಿ ಸಾವಿರ ಜನರನ್ನು ಕೇಳಿದರೆ ಏನು ಗೊತ್ತಾಗುತ್ತೆ ಸಾರ್?" ಅಂತ ಕೇಳುತ್ತಾರೆ. ನಿಜಕ್ಕೂ ಚೀಟಿ ಎತ್ತಿ ಆರಿಸಿದ ಸಾವಿರ ಜನರಾದರೆ, ನೂರಕ್ಕೆ 3 ಹೆಚ್ಚು, 3 ಕಮ್ಮಿ, ಅಷ್ಟರೊಳಗೆ ಗೊತ್ತಾಗುತ್ತದೆ. ಇಡೀ ದೇಶಕ್ಕಾದರೂ ಸಾವಿರ ಅಷ್ಟೇ ಹೇಳುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರನ್ನು ಕೇಳಿದರೆ ಮಾತ್ರ ಲಕ್ಷ ಜನರಾದರೂ ಪ್ರಯೋಜನವಿಲ್ಲ.

ಹಾಗಾದರೆ ಕಟಾವು ಜಾಸ್ತಿ ಮಾಡಿದರೆ ಆಯ್ತಲ್ಲ? ಆಗುತ್ತದೆ, ಆದರೆ ದುಬಾರಿ. ನಮ್ಮ ಲೆಕ್ಕದಲ್ಲಿ 4ರ ಬದಲು 16 ಕಟಾವು ಮಾಡಿದ್ದರೆ ಎರಡೂವರೆ ಕ್ವಿಂಟಾಲಿನ ಅನುಮಾನ ಸುಮಾರು 80 ಕೆಜಿಗೆ ಇಳಿಯುತ್ತಿತ್ತು. ಅಲ್ಲಿಂದ ಮುಂದೆ ಅನುಮಾನವನ್ನು ಅರ್ಧ ಮಾಡಬೇಕಾದರೆ ಪ್ರತಿ ಸಲವೂ ಕಟಾವು ನಾಲ್ಕು ಪಟ್ಟು ಆಗಬೇಕು. 16 ಇದ್ದದ್ದು 64 ಆಗಬೇಕು. ಅಷ್ಟು ಜನ ಎಲ್ಲಿದ್ದಾರೆ?

ಇಲ್ಲಿ ನಮ್ಮ ಕಡೆಯೇ ಹುಟ್ಟಿದ ಒಬ್ಬರನ್ನು ನೆನೆಯಬೇಕು. ಸಿ. ಆರ್. ರಾವ್ ಅವರು 1920ರಲ್ಲಿ ಹೂವಿನ ಹಡಗಲಿಯಲ್ಲಿ ಹುಟ್ಟಿದರು. 1941ರಲ್ಲಿ ಕಲ್ಕತ್ತಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಸೇರಿದರು. ಇನ್ನೂ 25ರ ಆಸುಪಾಸಿನಲ್ಲಿದ್ದಾಗ, 1945ರಲ್ಲಿ, ಅವರೊಂದು ಪ್ರಬಂಧ ಪ್ರಕಟಿಸಿದರು. ಅದರ ತಿರುಳನ್ನು ಸುಲಭವಾಗಿ ಹೇಳೋದಾದರೆ ಹೀಗೆ: ಪಕ್ಷಪಾತವಿಲ್ಲದೆ ಅಂದಾಜು ಮಾಡಬೇಕಾದರೆ, ಕೈಯಲ್ಲಿರುವ ಅಳತೆಗಳಿಂದ ಅನುಮಾನವನ್ನು ಒಂದು ಮಟ್ಟಕ್ಕಿಂತ ಕೆಳಗೆ ಇಳಿಸೋಕೆ ಆಗಲ್ಲ. ಎಷ್ಟೇ ಜಾಣ ಸೂತ್ರ ತಂದರೂ ಅಷ್ಟೇ. ಇದನ್ನೇ ಇಡೀ ಜಗತ್ತು ಕ್ರಾಮರ್-ರಾವ್ ಮಿತಿ ಅಂತ ಕಲಿಯುತ್ತದೆ. ಅವರು 2023ರಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು. ಮಲ್ಲಿಗೆಗೆ ಹೆಸರಾದ ಆ ಊರಿನ ಹೆಸರು ಕೇಳಿದಾಗೆಲ್ಲ ನನಗೆ ಈ ಲೆಕ್ಕವೂ ನೆನಪಾಗುತ್ತದೆ.

ಆ ಸಂಸ್ಥೆ ಕಟ್ಟಿದವರು ಪ್ರಶಾಂತಚಂದ್ರ ಮಹಾಲನೋಬಿಸ್. 1937ರಿಂದ ಬಂಗಾಳದಲ್ಲಿ ಸೆಣಬಿನ ಬೆಳೆಯನ್ನು ಹೀಗೆ ಸ್ಯಾಂಪಲ್ ತೆಗೆದು ಅಂದಾಜು ಮಾಡೋಕೆ ಹೊರಟರು. ಅವರು ಮಾಡಿದ ಒಂದು ಉಪಾಯ ನನಗೆ ತುಂಬಾ ಇಷ್ಟ. ಒಂದೇ ಪ್ರದೇಶಕ್ಕೆ ಎರಡು ತಂಡ ಕಳಿಸುತ್ತಿದ್ದರು. ಎರಡೂ ತಂಡಕ್ಕೆ ಬೇರೆ ಬೇರೆ ಚೀಟಿ, ಬೇರೆ ಬೇರೆ ಜಾಗ. ಕೊನೆಗೆ ಎರಡೂ ಉತ್ತರವನ್ನು ಪಕ್ಕಪಕ್ಕ ಇಡೋದು. ಹತ್ತಿರ ಇದ್ದರೆ ಧೈರ್ಯ. ದೂರ ಇದ್ದರೆ ಎಲ್ಲೋ ಏನೋ ಆಗಿದೆ ಅಂತ ಅರ್ಥ. ಸೂತ್ರ ಗೊತ್ತಿಲ್ಲದವರಿಗೂ ಹೆಚ್ಚು ಎಷ್ಟು, ಕಮ್ಮಿ ಎಷ್ಟು ಅನ್ನೋದು ಕಣ್ಣಿಗೇ ಕಾಣುತ್ತದೆ.

ಯಾಕೆ ಇಷ್ಟು ಎಚ್ಚರ ಅಂದರೆ, ಸೂತ್ರ ಹಿಡಿಯೋದು ಚೀಟಿಯ ಆಟವನ್ನು ಮಾತ್ರ. ಮನುಷ್ಯರ ಕೈವಾಡವನ್ನು ಅದು ಹಿಡಿಯಲ್ಲ. ಹಗ್ಗದ ಗೆರೆಯ ಮೇಲೇ ನಿಂತ ಪೈರನ್ನು ತಗೊಳ್ಳಬೇಕೋ ಬಿಡಬೇಕೋ? ಬುಡ ಅರ್ಧಕ್ಕಿಂತ ಜಾಸ್ತಿ ಒಳಗಿದ್ದರೆ ಮಾತ್ರ ತಗೊಳ್ಳಬೇಕು. ಆದರೆ ಕುಡುಗೋಲು ಹಿಡಿದ ಕೈ ಸಾಮಾನ್ಯವಾಗಿ ಒಳಕ್ಕೇ ಎಳೆದುಕೊಳ್ಳುತ್ತದೆ. ತುಂಬಿದ ತೆನೆ ಬಿಡೋಕೆ ಮನಸ್ಸು ಬರಲ್ಲ. ಚೌಕ ಚಿಕ್ಕದಾದಷ್ಟೂ ಗೆರೆಯ ಮೇಲಿನ ಪೈರಿನ ಪಾಲು ಜಾಸ್ತಿ. ಹಾಗಾಗಿ ಚಿಕ್ಕ ಚೌಕ ಇಳುವರಿಯನ್ನು ಏರಿಸಿ ತೋರಿಸುತ್ತದೆ. ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ ಅವರು 1940ರ ದಶಕದಲ್ಲೇ ಇದನ್ನು ಎತ್ತಿ ತೋರಿಸಿದ್ದರು. ನಮ್ಮ ಚೌಕದಲ್ಲಿ ಹೆಚ್ಚಾಗಿ ಸೇರಿದ 100 ಗ್ರಾಂ ರಾಗಿ ಎಕರೆಗೆ 16 ಕೆಜಿ ಆಗುತ್ತದೆ. 4 ಕಟಾವಿನಲ್ಲೂ ಹೀಗೇ ಆದರೆ, 4,000 ಕಟಾವಿನಲ್ಲೂ ಹೀಗೇ ಆದರೆ, ಆ 16 ಕೆಜಿ ಹಾಗೇ ಉಳಿಯುತ್ತದೆ. ಕಟಾವು ಜಾಸ್ತಿ ಮಾಡಿದಷ್ಟೂ ದೋಷದ ಮಿತಿ ಸಣ್ಣದಾಗಿ ಕಾಣುತ್ತದೆ, ತಪ್ಪು ಮಾತ್ರ ಜಾಗ ಬಿಟ್ಟು ಕದಲಲ್ಲ.

ರೈತರಲ್ಲಿ ಒಂದು ಕೋರಿಕೆ. ನಿಮ್ಮ ಪಂಚಾಯಿತಿಯ ಇಳುವರಿ ಇಷ್ಟು ಅಂತ ಹೇಳಿದಾಗ ಸುಮ್ನೆ ಒಪ್ಪಿಕೊಳ್ಳಬೇಡಿ, ಸುಮ್ನೆ ಬೈಯಲೂ ಬೇಡಿ. ಕಟಾವು ಎಷ್ಟಾಯಿತು, ಒಂದೊಂದರ ತೂಕ ಎಷ್ಟು ಅಂತ ಕೇಳಿ. ಆ ತೂಕಗಳನ್ನು ನಮ್ಮ ಕಾಲೇಜಿಗೆ ತನ್ನಿ. ಹೆಚ್ಚು ಎಷ್ಟು, ಕಮ್ಮಿ ಎಷ್ಟು ಅಂತ ನಮ್ಮ ಮಕ್ಕಳು ಲೆಕ್ಕ ಹಾಕಿ ಕೊಡುತ್ತಾರೆ. ಗೂಟ ನಿಮ್ಮ ಹೊಲದಲ್ಲಿ ಬಿದ್ದಾಗ, ಅದು ನೆರಳಲ್ಲಿರಲಿ, ಒಳ್ಳೆಯ ಗೊಬ್ಬರ ಬಿದ್ದ ಜಾಗದಲ್ಲಿರಲಿ, ಅಲ್ಲೇ ಇರಲು ಬಿಡಿ.

ಮಕ್ಕಳೇ, ರಾಗಿ ಕೊಯ್ಲು ಶುರುವಾದ ಮೇಲೆ ನಾವು ಎರಡು ತಂಡವಾಗಿ ಹೊಲಕ್ಕೆ ಹೋಗೋಣ. ಎರಡಕ್ಕೂ ಬೇರೆ ಚೀಟಿ. ಒಂದೊಂದು ತಂಡಕ್ಕೂ ನಾಲ್ಕು ಗೂಟ, ಒಂದು ತಕ್ಕಡಿ, 7 ಮೀಟರ್ 7 ಸೆಂಟಿಮೀಟರಿಗೆ ಗಂಟು ಹಾಕಿದ ಒಂದು ಹಗ್ಗ ಬೇಕು. ಹಗ್ಗ ಅಳೆದು ಗಂಟು ಹಾಕುವ ಕೆಲಸ ನಾಳೆಯೇ ಮಾಡಿ ಮುಗಿಸೋಣ.