ಟರ್ಬೈನ್ ತಪ್ಪಿಸಿದ ನೀರು

ಕೇಳುಗರೇ, ನಮಸ್ಕಾರ. "ಅವನಿಗೆ ಎಷ್ಟು ತಿಂದರೂ ಮೈಗೆ ಹತ್ತೋದಿಲ್ಲ" ಅಂತೀವಲ್ಲ, ಆ ಮಾತಿಗೆ ಉತ್ತರ ಹುಡುಕುವವರ ಕಣ್ಣು ಮೊದಲು ಹೋಗುವುದು ಮೈಟೊಕಾಂಡ್ರಿಯದ ಕಡೆಗೆ.

ಜೀವಕೋಶದಲ್ಲಿ ಆಹಾರ ಉರಿಯುವ ಒಲೆ ಅದು. ಉರಿದ ಶಕ್ತಿ ಪ್ರೋಟಾನುಗಳೆಂಬ ವಿದ್ಯುತ್ ಕಣಗಳನ್ನು ಅದರ ಒಳಪೊರೆಯಾಚೆಗೆ ಎತ್ತಿ ಹಾಕುತ್ತದೆ, ಲಿಂಗನಮಕ್ಕಿಯಲ್ಲಿ ನೀರು ನಿಂತ ಹಾಗೆ. ವಾಪಸ್ ಇಳಿಯುವಾಗ ಅವು ಎಟಿಪಿ ಸಿಂಥೇಸ್ ಎಂಬ ಟರ್ಬೈನನ್ನು ತಿರುಗಿಸುತ್ತವೆ, ಜೀವಕೋಶ ಖರ್ಚು ಮಾಡುವ ಶಕ್ತಿಯ ನಾಣ್ಯವಾದ ಎಟಿಪಿ ತಯಾರಾಗುತ್ತದೆ. ಮೈ ಬಿಸಿಯಾಗಿಡುವ ಕಂದು ಕೊಬ್ಬಿನಲ್ಲಿ ಟರ್ಬೈನ್ ತಪ್ಪಿಸುವ ತೂಬೊಂದುಂಟು, ಯುಸಿಪಿ-1 ಎಂಬ ಪ್ರೋಟೀನು. ಅದರಲ್ಲಿ ಇಳಿದದ್ದೆಲ್ಲ ಬರೀ ಬಿಸಿ. ಚಳಿ ತಾಗಿದಾಗ ನರದ ತುದಿಯಿಂದ ನಾರ್‌ಅಡ್ರಿನಲಿನ್ ಎಂಬ ಸಂದೇಶದ ರಾಸಾಯನಿಕ ಬಂದು ಕೊಬ್ಬು ಒಡೆಯುತ್ತದೆ; ಹೊರಬಿದ್ದ ಕೊಬ್ಬಿನಾಮ್ಲವೇ ತೂಬು ಎತ್ತುತ್ತದೆ. ಚಳಿ ಹೋದರೆ ತೂಬು ಮುಚ್ಚಿತು.

ಈ ಮುಚ್ಚುವ ಗುಣ ಇಲ್ಲದಿದ್ದರೆ ಏನಾದೀತು? 1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ವೈದ್ಯರು ತೂಕ ಇಳಿಸಲು ಡೈನೈಟ್ರೊಫಿನಾಲ್ ಕೊಟ್ಟರು. ಅದು ತೂಬಲ್ಲ, ಕಟ್ಟೆಗೇ ಬಿದ್ದ ತೂತು. ಕಂದು ಕೊಬ್ಬಿನಲ್ಲಷ್ಟೇ ಅಲ್ಲ, ಮೈಯೆಲ್ಲ ಸೋರಿಕೆ. ತೂಕವೇನೋ ಇಳಿಯಿತು. ಕೆಲವರಿಗೆ ಕಣ್ಣಿನ ಪೊರೆ ಬಂತು, ಕೆಲವರು ಮೈ ಕಾದೇ ಸತ್ತರು. 1938ರಲ್ಲಿ ಅದು ಔಷಧಿ ಅಂಗಡಿಯಿಂದ ಹೊರಬಿತ್ತು. ಈ ತಾಪ ಮಿದುಳು ಏರಿಸಿದ ಜ್ವರವಲ್ಲ, ಹಾಗಾಗಿ ಪ್ಯಾರಾಸಿಟಮಾಲಿಗೆ ಬಗ್ಗುವುದಿಲ್ಲ, ಪ್ರತಿವಿಷವೂ ಇಲ್ಲ. ಅಂತರ್ಜಾಲದಲ್ಲಿ ಡೈನೈಟ್ರೊಫಿನಾಲಿನ ಹಳದಿ ಪುಡಿ ಈಗಲೂ ಮಾರಾಟಕ್ಕಿರುತ್ತದೆ. ದಯವಿಟ್ಟು ಮುಟ್ಟಬೇಡಿ.

ಕಂದು ಕೊಬ್ಬು ಕೂಸುಗಳಿಗೆ ಮಾತ್ರ ಅಂತ ಬಹುಕಾಲ ನಂಬಿಕೆಯಿತ್ತು. ದೊಡ್ಡವರ ಕುತ್ತಿಗೆ, ಕೊರಳೆಲುಬಿನ ಬಳಿಯೂ ಅದು ಕೆಲಸ ಮಾಡುತ್ತದೆಂದು 2009ರಲ್ಲಿ ಪೆಟ್ ಸ್ಕ್ಯಾನ್‌ಗಳು ಖಚಿತಪಡಿಸಿದವು. ದಪ್ಪಗಿರುವವರಲ್ಲಿ ಅದರ ಚಟುವಟಿಕೆ ಕಡಿಮೆ. ಅದೇ ಬೊಜ್ಜಿಗೆ ಕಾರಣ ಅನ್ನುವುದು ಮಾತ್ರ ಆತುರದ ಮಾತು: ಬೊಜ್ಜೇ ಕಂಬಳಿಯಾದಾಗ ಚಳಿ ತಾಗುವುದಾದರೂ ಎಲ್ಲಿಂದ?

ಇನ್ನು ಸುಮ್ಮನೆ ಮಲಗಿದ ಮೈ ಎಷ್ಟು ಶಕ್ತಿ ಉರಿಸುತ್ತದೆಂದು ಉಸಿರಿನಿಂದ ಅಳೆಯುವ ಬಗೆ. ರಾತ್ರಿಯೂಟದ ನಂತರ ಏನೂ ಬೇಡ, ಬೆಳಗಿನ ಕಾಫಿಯೂ ಬೇಡ. ಅರ್ಧ ಗಂಟೆ ಮಲಗಿ ಸುಧಾರಿಸಿಕೊಂಡ ಮೇಲೆ ತಲೆಗೆ ಪಾರದರ್ಶಕ ಗವಸು ಹಾಕುತ್ತಾರೆ. ಮೊದಲ 5 ನಿಮಿಷದ ಅಳತೆ ಲೆಕ್ಕಕ್ಕಿಲ್ಲ. ನಿಮಿಷಕ್ಕೆ 250 ಮಿಲಿಲೀಟರ್ ಆಮ್ಲಜನಕ ಒಳಗೆ, 200 ಮಿಲಿಲೀಟರ್ ಇಂಗಾಲದ ಡೈಆಕ್ಸೈಡ್ ಹೊರಗೆ ಅನ್ನಿ. ಲೀಟರಿಗೆ ತಿರುಗಿಸಿ, ಮೊದಲನೆಯದನ್ನು 3.94ರಿಂದ, ಎರಡನೆಯದನ್ನು 1.11ರಿಂದ ಗುಣಿಸಿ ಕೂಡಿದರೆ ನಿಮಿಷಕ್ಕೆ 1.2 ಕಿಲೊಕ್ಯಾಲೊರಿ, ದಿನಕ್ಕೆ ಸುಮಾರು 1,740. ಗವಸಿನ ಅಂಚು ಕತ್ತಿನ ಬಳಿ ಸಡಿಲವಾಗಿದ್ದರೆ ಉಸಿರು ಅಲ್ಲಿಂದಲೇ ಸೋರಿ, ಸರಿಯಾಗಿರುವವರಿಗೂ "ಮೆಟಬಾಲಿಸಂ ನಿಧಾನ" ಎಂಬ ವರದಿ ಬರುತ್ತದೆ. ಎರಡೂ ಅನಿಲ ಒಟ್ಟಿಗೇ ಕಡಿಮೆಯಾಗುವುದರಿಂದ ಅವುಗಳ ಅನುಪಾತ ನೋಡಿ ಈ ತಪ್ಪು ಹಿಡಿಯಲಾಗದು. ಅಂಚನ್ನು ಕೈಯಿಂದಲೇ ಸವರಿ ನೋಡಬೇಕು.