ನೂರು ಡಾಲರ್‌ನಲ್ಲಿ ನಾಯಿಗೆ ಒಂದೇ ಡಾಲರ್? ಅದಿರಲಿ, ಲೆಕ್ಕ ಕೇಳ್ತಿರೋದು ಯಾರು?

ನಮಸ್ಕಾರ. ಈ ವಿಡಿಯೋಗೆ ಕಾರಣ ನಮ್ಮ ವೀಕ್ಷಕರೊಬ್ಬರ ಪ್ರಶ್ನೆ. "ಅಮೆರಿಕದ ಹ್ಯೂಮೇನ್ ಸೊಸೈಟಿಗೆ ನೂರು ಡಾಲರ್ ಕೊಟ್ಟರೆ ನಾಯಿ, ಬೆಕ್ಕುಗಳ ಶೆಲ್ಟರ್‌ಗೆ ಹೋಗೋದು ಒಂದೇ ಡಾಲರ್ ಅಂತೆ. ನಿಜಾನಾ ಸರ್?"

ಹೌದು, ಇಲ್ಲ ಅಂತ ಎರಡು ನಿಮಿಷದಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ. ಸಿಕ್ಕಿದ ಉತ್ತರ ಮಾತ್ರ "ಹೆಚ್ಚುಕಡಿಮೆ ಹೌದು, ಆದರೆ..." ಆ "ಆದರೆ"ಯ ಬೆನ್ನು ಹತ್ತಿ ಹೋದವನು ವಾಷಿಂಗ್ಟನ್ ನಗರದ ಒಂದು ಆಫೀಸಿನ ಬಾಗಿಲಿಗೆ ಬಂದು ನಿಂತೆ. ಕುರ್ಚಿಯಲ್ಲಿ ಕೂತುಕೊಂಡೇ ಬಿಡಿ, ವಿಮಾನದ ಖರ್ಚು ಯಾರು ಕೊಡ್ತಾರೆ?

ಮೊದಲು ಮೂಲ ವಿಷಯ, ಬೇಗ ಬೇಗ. ಈ ಹ್ಯೂಮೇನ್ ಸೊಸೈಟಿ ಶುರುವಾಗಿದ್ದು 1954ರಲ್ಲಿ. 2025ರಿಂದ ಹೆಸರು ಹ್ಯೂಮೇನ್ ವರ್ಲ್ಡ್ ಫಾರ್ ಅನಿಮಲ್ಸ್. ಅಮೆರಿಕದ ಊರೂರಲ್ಲಿ "ಹ್ಯೂಮೇನ್ ಸೊಸೈಟಿ" ಅನ್ನೋ ಹೆಸರಿನ ಶೆಲ್ಟರ್‌ಗಳಿವೆ. ಅವು ಬೇರೆ, ಇದು ಬೇರೆ. ಹೆಸರು ಒಂದೇ ಥರ, ಅಷ್ಟೆ. ದೊಡ್ಡ ಸಂಸ್ಥೆಯ ಮುಖ್ಯ ಕೆಲಸ ಕಾನೂನು ತರಿಸೋದು, ಕೋರ್ಟಿಗೆ ಹೋಗೋದು, ಕಸಾಯಿಖಾನೆ, ಕೋಳಿ ಫಾರಂ, ಹಂದಿ ಫಾರಂಗಳ ಒಳಗೆ ಗುಟ್ಟಾಗಿ ಕ್ಯಾಮೆರಾ ಕಳಿಸೋದು.

ಆ ಕ್ಯಾಮೆರಾ 2008ರಲ್ಲಿ ಒಂದು ಸಿಡಿಲು ಬಡಿಸಿತು. ಕ್ಯಾಲಿಫೋರ್ನಿಯಾದ ಚೀನೋ ಎಂಬಲ್ಲಿನ ಕಸಾಯಿಖಾನೆ. ಎದ್ದು ನಿಲ್ಲಲಾಗದ ಹಸುಗಳನ್ನು ಫೋರ್ಕ್‌ಲಿಫ್ಟ್‌ನಲ್ಲಿ ತಳ್ಳುತ್ತಿರುವ ದೃಶ್ಯ. ವಿಡಿಯೋ ಹೊರಬಂದ ಕೆಲವೇ ವಾರಗಳಲ್ಲಿ ಕಂಪನಿ 14.3 ಕೋಟಿ ಪೌಂಡ್ ಗೋಮಾಂಸ ವಾಪಸ್ ಕರೆಸಿಕೊಳ್ಳಬೇಕಾಯಿತು. ಹೆಚ್ಚುಕಡಿಮೆ ಆರೂವರೆ ಕೋಟಿ ಕಿಲೋ! ಅಮೆರಿಕದಲ್ಲಿ ಅಲ್ಲಿಯವರೆಗೆ ಅಷ್ಟು ದೊಡ್ಡ ಪ್ರಮಾಣದಲ್ಲಿ ಗೋಮಾಂಸ ವಾಪಸ್ ಬಂದಿರಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ, ಕೋಳಿಗೆ ರೆಕ್ಕೆ ಬಿಚ್ಚುವಷ್ಟಾದರೂ ಜಾಗ ಕೊಡಬೇಕು ಅನ್ನೋ ಕಾನೂನಿಗೆ ಕ್ಯಾಲಿಫೋರ್ನಿಯಾದ ಮತದಾರರು ಸುಮಾರು 63% ಮತ ಹಾಕಿದರು. ಅದರ ಹಿಂದೆಯೂ ಇದೇ ಸಂಸ್ಥೆ.

2010ರಲ್ಲಿ ಈ ಸಂಸ್ಥೆಯ ವಿರುದ್ಧ ಹ್ಯೂಮೇನ್‌ವಾಚ್ ಅನ್ನೋ ಪ್ರಚಾರ ಶುರುವಾಯಿತು. ನಮ್ಮ ವೀಕ್ಷಕರು ಕೇಳಿದ "ಒಂದೇ ಡಾಲರ್" ಲೆಕ್ಕ ಅಲ್ಲಿಯದೇ. ಎರಡೇ ವರ್ಷದ ಅಂತರ. ಕಾಕತಾಳೀಯ ಇರಬಹುದು. ಇರಬಹುದಪ್ಪ, ನಾನೇನೂ ಹೇಳಲ್ಲ.

ಹ್ಯೂಮೇನ್‌ವಾಚ್ ನಡೆಸುತ್ತಿದ್ದುದು ಸೆಂಟರ್ ಫಾರ್ ಕನ್ಸ್ಯೂಮರ್ ಫ್ರೀಡಂ. ಹೆಸರು ಕೇಳಿದರೆ ಗ್ರಾಹಕರೇ ಸೇರಿ ಕಟ್ಟಿಕೊಂಡ ಸಂಘ ಅನಿಸುತ್ತೆ, ಅಲ್ವಾ? ಇದನ್ನು 1995ರಲ್ಲಿ ಹುಟ್ಟುಹಾಕಿದವರು ಪಿಆರ್, ಅಂದರೆ ಬೇರೆಯವರ ಪರವಾಗಿ ಪ್ರಚಾರ ಮಾಡಿಕೊಡುವ ಕಂಪನಿಯ ಮಾಲೀಕ ರಿಚರ್ಡ್ ಬರ್ಮನ್. ಆಗ ಅದರ ಹೆಸರು ಗೆಸ್ಟ್ ಚಾಯ್ಸ್ ನೆಟ್‌ವರ್ಕ್. ಬಂಡವಾಳ 6 ಲಕ್ಷ ಡಾಲರ್, ಕೊಟ್ಟಿದ್ದು ಸಿಗರೇಟ್ ಕಂಪನಿ ಫಿಲಿಪ್ ಮಾರಿಸ್. ಉದ್ದೇಶ? ರೆಸ್ಟೋರೆಂಟ್‌ಗಳಲ್ಲಿ ಸಿಗರೇಟ್ ನಿಷೇಧ ಆಗದ ಹಾಗೆ ನೋಡಿಕೊಳ್ಳೋದು. ತಂಬಾಕು ಕಂಪನಿಗಳ ಒಳಗಿನ ಕಾಗದಪತ್ರ ಮೊಕದ್ದಮೆಗಳಿಂದಾಗಿ ಹೊರಬಿದ್ದಿದ್ದಕ್ಕೆ ಇದು ನಮಗೆ ಗೊತ್ತು. ಇಲ್ಲದಿದ್ದರೆ "ಅತಿಥಿಯ ಆಯ್ಕೆ" ಅಂದರೆ ಮೆನು ಕಾರ್ಡ್ ಅಂದುಕೊಂಡು ಸುಮ್ನೆ ಇರುತ್ತಿದ್ದೆವು.

ಈಗ ಆ ಬಾಗಿಲು. ಇದು ನನಗೆ ತುಂಬಾ ಇಷ್ಟವಾದ ಭಾಗ, ಸ್ವಲ್ಪ ಜಾಸ್ತಿ ಮಾತಾಡ್ತೀನಿ, ತಡ್ಕೊಳ್ಳಿ.

(ತೆರೆಯ ಮೇಲೆ: ಒಂದು ಬಾಗಿಲು, ಖಾಲಿ ಬೋರ್ಡು)

ಬರ್ಮನ್ ಅವರ ಇನ್ನೊಂದು ಸಂಸ್ಥೆ ಎಂಪ್ಲಾಯ್‌ಮೆಂಟ್ ಪಾಲಿಸೀಸ್ ಇನ್‌ಸ್ಟಿಟ್ಯೂಟ್. ಕನಿಷ್ಠ ಕೂಲಿ ಏರಿಸಬಾರದು ಅಂತ ವರದಿ ಬರೆಯೋದು ಇದರ ಕೆಲಸ. 2014ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅದರ ಬಗ್ಗೆ ಬರೆಯಿತು. ಶ್ವೇತಭವನದಿಂದ ನಾಲ್ಕೇ ಬ್ಲಾಕ್ ದೂರ ಅದರ ಆಫೀಸು. ಆದರೆ ಬಾಗಿಲ ಹತ್ತಿರದ ಬೋರ್ಡಿನಲ್ಲಿ ಇದ್ದ ಹೆಸರು ಬರ್ಮನ್ ಅಂಡ್ ಕಂಪನಿ. ಇನ್‌ಸ್ಟಿಟ್ಯೂಟ್‌ಗೆ ಅಂತ ಒಬ್ಬ ನೌಕರನೂ ಇರಲಿಲ್ಲ! ಕೆಲಸವೆಲ್ಲ ಬರ್ಮನ್ ಕಂಪನಿಯವರದು. ಅವರು ಇನ್‌ಸ್ಟಿಟ್ಯೂಟ್‌ಗೆ ಬಿಲ್ ಕಳಿಸ್ತಿದ್ದರು.

ಸ್ವಲ್ಪ ಯೋಚಿಸಿ. ನಾಟಕದಲ್ಲಿ ಒಬ್ಬನೇ ನಟ. ಪರದೆ ಹಿಂದೆ ಹೋಗಿ ಟೋಪಿ ಬದಲಿಸಿ ಸಂಶೋಧಕನಾಗಿ ಬರ್ತಾನೆ. ಮತ್ತೆ ಹೋಗಿ ಗ್ರಾಹಕನಾಗಿ ಬರ್ತಾನೆ. ಮತ್ತೆ ಹೋಗಿ ನಾಯಿಪ್ರೇಮಿಯಾಗಿ ಬರ್ತಾನೆ. ನಮಗೆ ಮೂರು ಜನ ಕಾಣ್ತಾರೆ, ಸಂಬಳದ ಪುಸ್ತಕದಲ್ಲಿ ಮಾತ್ರ ಒಬ್ಬನೇ. ಇಂಥದ್ದಕ್ಕೆ ಇಂಗ್ಲಿಷ್‌ನಲ್ಲಿ ಫ್ರಂಟ್ ಗ್ರೂಪ್ ಅಂತಾರೆ. ನಮ್ಮಲ್ಲಿ ಇನ್ನೂ ಒಳ್ಳೆ ಪದ ಇದೆ: ಬೇನಾಮಿ.

ಟೋಪಿಗಳಿಗೆ ದುಡ್ಡು ಯಾರದು? ಕನ್ಸ್ಯೂಮರ್ ಫ್ರೀಡಂ ತಾನೇ ಹೇಳಿಕೊಂಡಿದ್ದು: ರೆಸ್ಟೋರೆಂಟ್‌ಗಳು, ಆಹಾರ ಕಂಪನಿಗಳು ಮತ್ತು ಸಾವಿರಾರು ಗ್ರಾಹಕರು. ಯಾವ ಕಂಪನಿಗಳು? ಹೇಳಬೇಕಿಲ್ಲ. ಲಾಭರಹಿತ ಸಂಸ್ಥೆಯ ದಾನಿಗಳ ಹೆಸರು ಅಮೆರಿಕದ ಕಾನೂನಿನಲ್ಲಿ ಸಾರ್ವಜನಿಕ ಆಗಬೇಕಿಲ್ಲ.

ಸರಿ, ಆ ಒಂದು ಡಾಲರ್‌ಗೆ ಬರೋಣ. ಅಂಕಿ ಸುಳ್ಳಲ್ಲ. ಚಮತ್ಕಾರ ಇರೋದೇ ಅಲ್ಲಿ. ಶೆಲ್ಟರ್‌ಗಳಿಗೆ ಹಣ ಹಂಚೋದು ಹ್ಯೂಮೇನ್ ಸೊಸೈಟಿಯ ಮುಖ್ಯ ಕೆಲಸವೇ ಅಲ್ಲ. ವಕೀಲರಿಗೆ ಫೀಸು ಕೊಟ್ಟು, "ಇವರು ಒಂದು ದಿನವೂ ಅಡುಗೆ ಮಾಡಲಿಲ್ಲ" ಅಂತ ದೂರಿದ ಹಾಗಾಯಿತು. ಹಾಗಂತ ಸಂಸ್ಥೆಯವರೂ ಸಾಚಾ ಅಲ್ಲ. ದೇಣಿಗೆ ಕೇಳುವ ಜಾಹೀರಾತಿನಲ್ಲಿ ಕಣ್ಣೀರು ತರಿಸುವ ನಾಯಿಮರಿಗಳನ್ನು ಧಾರಾಳವಾಗಿ ತೋರಿಸಿದರು. ವಕೀಲರು ಬೋರ್ಡಿನ ಮೇಲೆ ಊಟದ ತಟ್ಟೆ ಬರೆಸಿದರೆ ಜನ ಊಟ ಕೇಳದೆ ಇರ್ತಾರಾ?

ಹ್ಯೂಮೇನ್‌ವಾಚ್ ಕೊಡುತ್ತಿದ್ದ ಸಲಹೆ ನೋಡಿ: ದುಡ್ಡನ್ನು ನಿಮ್ಮೂರ ಶೆಲ್ಟರ್‌ಗೇ ಕೊಡಿ. ಒಳ್ಳೇ ಮಾತು, ಯಾರು ಬೇಡ ಅಂತಾರೆ? ಆದರೆ ಊರಿನ ಶೆಲ್ಟರ್ ಕೋಳಿ ಪಂಜರದ ಮೇಲೆ ಕೇಸ್ ಹಾಕಲ್ಲ. ಕಸಾಯಿಖಾನೆಗೆ ಕ್ಯಾಮೆರಾ ಕಳಿಸಲ್ಲ. ನಾಯಿಯ ಹೆಸರು ಹೇಳಿ ಕೋಳಿಯ ಕಡೆಯ ವಕೀಲರ ಫೀಸು ನಿಲ್ಲಿಸೋ ಉಪಾಯ ಇದು. ನಿಜ ಹೇಳ್ತೀನಿ, ಬುದ್ಧಿವಂತಿಕೆಗೆ ಒಂದು ಕ್ಷಣ ತಲೆದೂಗಿದೆ.

ಟೈಮ್ ಮೀರ್ತಿದೆ, ಎಡಿಟರ್ ಗಡಿಯಾರ ತೋರಿಸ್ತಿದ್ದಾರೆ. ಉಳಿದಿದ್ದು ಒಟ್ಟಿಗೆ. ಪ್ರಾಣಿಹಕ್ಕುಗಳ ಸಂಸ್ಥೆ ಪೇಟಾ ಮೇಲೂ ಬರ್ಮನ್ ಕಡೆಯವರದೇ ಇನ್ನೊಂದು ಪ್ರಚಾರ ಇದೆ, ಅಂಕಿಗಳು ವರ್ಜೀನಿಯಾ ರಾಜ್ಯ ಸರ್ಕಾರದ ದಾಖಲೆಯವೇ. ಪೇಟಾ ಶೆಲ್ಟರ್‌ನಲ್ಲಿ ತುಂಬಾ ಪ್ರಾಣಿಗಳಿಗೆ ದಯಾಮರಣ ಕೊಡೋದು ನಿಜ, ಯಾರೂ ತೆಗೆದುಕೊಳ್ಳದ ಪ್ರಾಣಿಗಳು ನಮ್ಮಲ್ಲಿಗೆ ಬರ್ತವೆ ಅನ್ನೋದು ಅವರ ಉತ್ತರ. ಹ್ಯೂಮೇನ್ ಸೊಸೈಟಿಯ ತಪ್ಪುಗಳೂ ನಿಜ: ಆನೆಗಳ ವಿಷಯದಲ್ಲಿ ಸರ್ಕಸ್ ಕಂಪನಿ ಜೊತೆಗಿನ ವ್ಯಾಜ್ಯದಲ್ಲಿ 2014ರಲ್ಲಿ ಅದು ಮತ್ತು ಜೊತೆಗಿದ್ದವರು 1.575 ಕೋಟಿ ಡಾಲರ್ ಕೊಟ್ಟು ರಾಜಿಯಾದರು. 2018ರಲ್ಲಿ ಲೈಂಗಿಕ ಕಿರುಕುಳದ ಆರೋಪ ಬಂದು ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಇನ್ನೊಂದು ಕಡೆ, ದಾನದ ಲೆಕ್ಕ ಕೇಳುತ್ತಿದ್ದ ಬರ್ಮನ್ ಅವರ ಸಂಸ್ಥೆಗಳ ಬಗ್ಗೆಯೇ 2013ರಲ್ಲಿ ದಾನ ಪಡೆಯುವ ಸಂಸ್ಥೆಗಳಿಗೆ ಅಂಕ ಕೊಡುವ ಚಾರಿಟಿ ನ್ಯಾವಿಗೇಟರ್ ದಾನಿಗಳನ್ನು ಎಚ್ಚರಿಸಿತು. ಕಾರಣ, ಹಣದ ದೊಡ್ಡ ಪಾಲು ಬರ್ಮನ್ ಅವರದೇ ಕಂಪನಿಗೆ ಹೋಗುತ್ತಿತ್ತು.

ಕೊನೆಯದು ಬಿಡೋಕೆ ಮನಸ್ಸಿಲ್ಲ, ಎಡಿಟರ್ ಕ್ಷಮಿಸಲಿ. 2014ರಲ್ಲಿ ಕೊಲರಾಡೋದಲ್ಲಿ ತೈಲ ಮತ್ತು ಗ್ಯಾಸ್ ಉದ್ಯಮಿಗಳ ಸಭೆ. ಬರ್ಮನ್ ಅಲ್ಲಿ ಧೈರ್ಯ ತುಂಬುತ್ತಿದ್ದರು: ಎಲ್ಲವನ್ನೂ ಲಾಭರಹಿತ ಸಂಸ್ಥೆಗಳ ಮೂಲಕ ಮಾಡ್ತೀವಿ, ದುಡ್ಡು ಕೊಟ್ಟವರ ಹೆಸರು ಯಾರಿಗೂ ಗೊತ್ತಾಗಲ್ಲ. ಸಭೆಯಲ್ಲಿದ್ದ ಉದ್ಯಮಿಯೊಬ್ಬರಿಗೆ ಆ ಮಾತುಗಳು ಹಿಡಿಸಲಿಲ್ಲ. ಭಾಷಣ ರೆಕಾರ್ಡ್ ಮಾಡಿ ನ್ಯೂಯಾರ್ಕ್ ಟೈಮ್ಸ್‌ಗೆ ಕೊಟ್ಟುಬಿಟ್ಟರು. ಅವರು ಹಾಕಿದ ಷರತ್ತು ಒಂದೇ: ನನ್ನ ಹೆಸರು ಯಾರಿಗೂ ಗೊತ್ತಾಗಬಾರದು.